ವೈನಿ ಬಂದ್ ಮಾಡಿದ್ದ ಕ್ಯಾಮೆರಾ

ಖಾನಾಪುರದ ಮನೆಯ ಕ್ಯಾಮೆರಾವನ್ನು ಮತ್ತೆ ಚಾಲೂ ಮಾಡಿದವಳು ನಾನು, ವೈನಿ. ಬಂದ್ ಮಾಡಿದ್ದು ನೀವೇ ಎಂದು ಅಣ್ಣನಿಗೆ ಹೇಳಿದವಳೂ ನಾನೇ. ಇಷ್ಟು ನಿಮಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ — ಅದನ್ನು ಹೇಳುವ ಧೈರ್ಯ ನನಗೆ ಇಷ್ಟು ವರ್ಷ ಬರಲಿಲ್ಲ.

ನಿಮ್ಮ ಗಂಡ, ನನ್ನ ಅಣ್ಣ, ವಾರವಿಡೀ ಲೋಂಡಾದಲ್ಲಿ ಗುತ್ತಿಗೆ ಕೆಲಸದಲ್ಲಿರುತ್ತಿದ್ದ. ಮನೆಯಲ್ಲಿ ನೀವೊಬ್ಬರೇ. ಕಳ್ಳರ ಭಯಕ್ಕೆಂದು ಕ್ಯಾಮೆರಾ ಹಾಕಿಸಿದ್ದ — ಬಾಗಿಲ ಹೊರಗಲ್ಲ, ನಡುಮನೆಯಲ್ಲಿ. ಒಂದು ದಿನ ನನಗೆ ಅವನ ಫೋನು.

"ಕ್ಯಾಮೆರಾ ಆಫ್‌ಲೈನ್ ಅಂತ ತೋರಸಾಕತ್ತೈತಿ. ನೀ ಮೊಬೈಲ್ ಅಂಗಡ್ಯಾಗ ಇರಾಕಿ, ನಿನಗ ತಿಳಿತೈತಿ. ಹೋಗಿ ನೋಡು."

ಬೆಳಗಾವಿಯ ಅನಗೋಳದಿಂದ ಹೊರಟು ಬಸ್ಸು ಹಿಡಿದು ಬಂದೆ. ಕೆಟ್ಟದ್ದೇನೂ ಇರಲಿಲ್ಲ. ವೈಫೈ ಪಾಸ್‌ವರ್ಡ್ ಬದಲಾಗಿತ್ತು, ಅಷ್ಟೆ. ಬದಲಿಸಿದ್ದು ನೀವು. ನನ್ನ ಕೈ ಹಿಡಿದುಕೊಂಡು ಒಪ್ಪಿಕೊಂಡಿರಿ.

"ಗಿರಿಜಾ, ಕೆಟ್ಟೈತಿ ಅಂತ ಹೇಳಿಬಿಡವಾ. ಯಾರ ಜೋಡಿ ಮಾತಾಡಿದಿ, ಎಷ್ಟೊತ್ತು ಕುಂತಿದ್ದಿ, ಎಲ್ಲಾ ಕೇಳ್ತಾರ. ಸೆರಗ ಸರಿ ಮಾಡ್ಕೊಳ್ಳಾಕೂ ಅಂಜಿಕಿ ಬರ್ತೈತಿ."

ಹೇಳಬಹುದಿತ್ತು. ಒಂದೇ ಒಂದು ಸುಳ್ಳು... ಆದರೆ ಅಣ್ಣನ ಸಿಟ್ಟನ್ನು ನಾನು ನಿಮಗಿಂತ ಮೊದಲೇ ಕಂಡವಳು. ಅವನ ಗಾಡಿಯ ಸದ್ದು ಕೇಳಿದರೆ ಅವ್ವ ಪಾತ್ರೆಗಳನ್ನು ಸಪ್ಪಳವಾಗದಂತೆ ಇಡುತ್ತಿದ್ದಳು. ನಾನು ಹಿತ್ತಲಿಗೆ ಓಡುತ್ತಿದ್ದೆ.

ನಿಮ್ಮ ಕೈಯಿಂದ ನನ್ನ ಕೈ ಬಿಡಿಸಿಕೊಂಡೆ. ಹೊಸ ಪಾಸ್‌ವರ್ಡ್ ಕೇಳಿದೆ. ಕೊಟ್ಟಿರಿ — ಕೊಡದೆ ಏನು ಮಾಡುತ್ತಿದ್ದಿರಿ? ಕ್ಯಾಮೆರಾದ ರಿಸೆಟ್ ಗುಂಡಿ ಒತ್ತಿ ಹಿಡಿದೆ, ವೈಫೈಗೆ ಜೋಡಿಸಿದೆ, ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ನನ್ನ ಫೋನಿನಲ್ಲೂ ತೆರೆದು ನೋಡಿದೆ. ಆಮೇಲೆ ಅಣ್ಣನ ಫೋನಿನಲ್ಲೂ ಕಾಣುವಂತೆ ಜೋಡಿಸಿಕೊಟ್ಟೆ. ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಕಿರ್ರೆಂದು ತಾನಾಗಿ ತಿರುಗಿತು. ಗೋಡೆ, ಬಾಗಿಲು, ನಾನು — ಕೊನೆಗೆ ನಿಮ್ಮ ಮೇಲೆ ನಿಂತಿತು. ಲೋಂಡಾದಲ್ಲಿ ಕೂತು ಅವನು ಬೆರಳಲ್ಲಿ ತಿರುಗಿಸುತ್ತಿದ್ದ. ಅದರೊಳಗಿಂದಲೇ ಅವನ ದನಿ ಬಂತು.

"ಗಿರಿಜಾ, ಏನಾಗಿತ್ತು?"

ನೀವು ನನ್ನನ್ನೇ ನೋಡುತ್ತಿದ್ದಿರಿ.

"ವೈನಿ ಪಾಸ್‌ವರ್ಡ್ ಬದ್ಲಿ ಮಾಡಿದ್ರು," ಎಂದೆ.

ನಾನು ನಿಮ್ಮ ಮುಖ ನೋಡದೆ ಹೊರಟುಬಂದೆ.

ಇನ್ನು ನಿಮಗೆ ಗೊತ್ತಿಲ್ಲದ್ದು. ನನ್ನ ಫೋನಿನಿಂದ ಆ ಕ್ಯಾಮೆರಾವನ್ನು ನಾನು ತೆಗೆದಿರಲಿಲ್ಲ. ಅಂದು ಸಂಜೆ ನನ್ನ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಫೋನು ಸದ್ದು ಮಾಡಿತು — ನಡುಮನೆಯಲ್ಲಿ ಯಾರೋ ಓಡಾಡುತ್ತಿದ್ದಾರೆಂಬ ಸೂಚನೆ. ತೆರೆದೆ. ಅಣ್ಣ ಬಂದಿದ್ದ. ಚಪ್ಪಲಿಯನ್ನೂ ಕಳಚಿರಲಿಲ್ಲ. ನೀವು ಗೋಡೆಗೊತ್ತಿ ನಿಂತಿದ್ದಿರಿ. ಅವನು ನಿಮ್ಮ ಬಲಗೈ ಹಿಡಿದು ತಿರುವಿದ — ನೋಡಿದೆ, ವೈನಿ. ನಿಮ್ಮ ಕೂಗೂ ಕೇಳಿಸಿತು.

ನಿಮ್ಮ ಬಾಜು ಮನೆಯವರ ನಂಬರು ನನ್ನ ಬಳಿ ಇತ್ತು. ಅಷ್ಟೇಕೆ, ಕ್ಯಾಮೆರಾದ ಮೂಲಕ ನಾನೇ ಕೂಗಬಹುದಿತ್ತು. ಮಾತಾಡುವ ಗುಂಡಿಯ ಮೇಲೆಯೇ ನನ್ನ ಹೆಬ್ಬೆರಳಿತ್ತು. ನಾನು ನೋಡುತ್ತಿದ್ದೇನೆಂದು ಅವನಿಗೆ ತಿಳಿದರೆ... ಫೋನನ್ನು ಬೋರಲು ಹಾಕಿದೆ. ಮೊರ ಎಳೆದುಕೊಂಡು ಅಕ್ಕಿ ಆರಿಸಿದೆ.

ಮರುದಿನ ಬೆಳಗಾವಿಯ ಆಸ್ಪತ್ರೆಯಲ್ಲಿ, ನೀವು ಬಾಯಿ ತೆರೆಯುವ ಮೊದಲೇ, "ಬಚ್ಚಲದಾಗ ಕಾಲ ಜಾರಿತ್ರೀ," ಎಂದು ಡಾಕ್ಟರಿಗೆ ಹೇಳಿದವಳು ನಾನು.

ನೀವು ಆ ಮನೆ ಬಿಟ್ಟಿರಿ. ಮಚ್ಛೆಯ ಕಾರ್ಖಾನೆಯಲ್ಲಿ ದುಡಿಯುತ್ತೀರಂತೆ. ಆ ಕೈ ಇನ್ನೂ ಪೂರ್ತಿ ಮಡಚುವುದಿಲ್ಲವಂತೆ. ಈಗ ನಿಮ್ಮಿಬ್ಬರ ಕೇಸಿನಲ್ಲಿ ಅಣ್ಣ ನನ್ನನ್ನೇ ಸಾಕ್ಷಿಗೆ ಕರೆಸುತ್ತಿದ್ದಾನೆ. ನಿನ್ನೆ ಬಂದಿದ್ದ.

"ದವಾಖಾನ್ಯಾಗ ಏನ್ ಹೇಳಿದ್ದಿ, ಅದನ್ನ ಹೇಳು. ಸಾಕು."

ಹೂಂ ಎಂದೆ. ಹೌದು, ನಿನ್ನೆಯೂ ಹೂಂ ಎಂದೆ — ಅವನು ಎದುರಿಗಿದ್ದ.

ಕೋರ್ಟಿನಲ್ಲೂ ಎದುರಿಗಿರುತ್ತಾನೆ. ನಿಜ ಹೇಳಬೇಕೆಂದೇ ಹೋಗುತ್ತೇನೆ, ಆದರೆ ಅಲ್ಲಿ ನನ್ನ ನಾಲಿಗೆ ಏಳುತ್ತದೋ ಇಲ್ಲವೋ, ನನಗೇ ನಂಬಿಕೆಯಿಲ್ಲ. ಅದಕ್ಕೇ ಇಷ್ಟನ್ನೂ ಬರೆದು, ಕೆಳಗೆ ಸಹಿ ಹಾಕಿ, ಮೊದಲು ನಿಮಗೆ ಕೊಡುತ್ತಿದ್ದೇನೆ. ಅಲ್ಲಿ ನಾನು ಮತ್ತೆ ಸುಳ್ಳು ಹೇಳಿದರೆ, ಇದನ್ನು ನಿಮ್ಮ ವಕೀಲರ ಕೈಗೆ ಕೊಡಿ, ವೈನಿ. ನನ್ನ ಮೇಲೆ ಕರುಣೆ ಬೇಡ.