ಸಾಸಿವೆ ಹೊಲಕ್ಕೆ ಬಿದ್ದ ಎಮ್ಮೆ

ನನ್ನ ಅತ್ತೆಗೊಂದು ಚಾಳಿಯಿತ್ತು. ದನ ಯಾರದೇ ಆಗಲಿ, ಹೊಲ ಯಾರದೇ ಆಗಲಿ, ಪೈರಿಗೆ ಬಾಯಿ ಹಾಕಿದ್ದು ಕಂಡರೆ ಸಾಕು, ಕೈಲಿದ್ದ ಕೆಲಸ ಬಿಟ್ಟು ಅಟ್ಟಲು ಓಡುತ್ತಿದ್ದರು. ಮಳವಳ್ಳಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ಯಾರ್ಲಾ ಅದು, ನಿನ್ ದನ ಕಬ್ಬು ಮೇಯ್ತಾ ಅದೆ!" ಎಂದು ಕೂಗಿ ನನ್ನ ಮಾನ ಕಳೆದದ್ದೂ ಉಂಟು. ಆ ಚಾಳಿಯನ್ನು ನೇಪಾಳಕ್ಕೂ ಹೊತ್ತು ತಂದರು.

ಎಪ್ಪತ್ತರ ದಶಕದ ಮಾತು. ನನ್ನ ಗಂಡನಿಗೆ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅಲ್ಲಿಗೆ ತರಬೇತಿಗೆ ಬಂದು, ನಮ್ಮ ಮನೆಯಲ್ಲಿ ಮುದ್ದೆ ನುಂಗಲು ಕಲಿತಿದ್ದ ನೇಪಾಳದ ಗೆಳೆಯರೊಬ್ಬರು ಬನ್ನಿ ಬನ್ನಿ ಎಂದು ಕಾಗದ ಬರೆಯುತ್ತಲೇ ಇದ್ದರು. ಕೊನೆಗೂ ನನ್ನ ಗಂಡ ರಜೆ ಹಾಕಿದ್ದು ನನಗಾಗಿ. ಅದಕ್ಕೆ ಐದು ತಿಂಗಳ ಹಿಂದೆ ನನ್ನ ಚೊಚ್ಚಲ ಮಗಳು ಹುಟ್ಟಿದ ಮೂರೇ ದಿನಕ್ಕೆ ಹೋಗಿದ್ದಳು. ಜ್ವರದಲ್ಲಿ ಬಿದ್ದಿದ್ದ ನನಗೆ ಅವಳ ಮುಖವೂ ಸರಿಯಾಗಿ ನೆನಪಿಲ್ಲ. ಅತ್ತೆಯಂತೂ ಆ ಸುದ್ದಿಯನ್ನೇ ಎತ್ತಿರಲಿಲ್ಲ. ಹೊತ್ತುಹೊತ್ತಿಗೆ ತಟ್ಟೆ ತಂದಿಟ್ಟು "ಉಣ್ಣು" ಅನ್ನುತ್ತಿದ್ದರು, ಅಷ್ಟೇ. ಕಲ್ಲು ಹೆಂಗಸು ಅಂದುಕೊಂಡಿದ್ದೆ. ಇಂಥವರ ಜತೆ ಪರದೇಶ ಬೇರೆ, ನನ್ನ ಕರ್ಮ ಎಂದು ರೈಲು ಹತ್ತಿದೆ.

ಗೆಳೆಯರ ಮನೆ ಕಾಡಂಚಿನಲ್ಲಿತ್ತು. ಹಿತ್ತಿಲಾಚೆ ಹೂಬಿಟ್ಟ ಸಾಸಿವೆ ಹೊಲ, ಅದರಾಚೆ ಆಳೆತ್ತರದ ಹುಲ್ಲು. ಹೋದ ಮಾರನೆಯ ಬೆಳಿಗ್ಗೆ ಗಂಡಸರು ಒಳಗೆ ಚಹಾ ಕುಡಿಯುತ್ತಿದ್ದರು. ಮಂಜು ಇನ್ನೂ ಹರಿದಿರಲಿಲ್ಲ. ನಾವಿಬ್ಬರೂ ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದೆವು.

"ಅಯ್ಯೋ, ಯಾರ್ದೋ ಎಮ್ಮೆ ಒಲಕ್ಕೆ ಬಿದ್ದದೆ ಕಣಮ್ಮಿ!"

ನಾನು ತಿರುಗಿ ನೋಡುವಷ್ಟರಲ್ಲಿ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೇಲಿಯ ಕೋಲು ಕಿತ್ತುಕೊಂಡು ಹೊಲಕ್ಕೆ ಇಳಿದಾಗಿತ್ತು. "ಏಯ್! ನಿನ್ ಮನೆ ಕಾಯೋಗ, ಅತ್ತಗೋಗು!"

ಮಂಜಿನೊಳಗಿನ ಕಪ್ಪು ಬೆನ್ನು ತಿರುಗಿತು. ಮೂತಿಯ ಮೇಲೊಂದು ಕೊಂಬು. ಅಯ್ಯೋ ದೇವರೇ, ಘೇಂಡಾಮೃಗ! ಪಕ್ಕದಲ್ಲೊಂದು ಮರಿ ತಾಯಿಯ ಹೊಟ್ಟೆಗೆ ಒರಗಿ ನಿಂತಿತ್ತು.

ಗಂಡಸರನ್ನು ಕೂಗುವುದು ಬಿಟ್ಟು ನಾನೂ ಓಡಿದೆ. ಅತ್ತೆಯ ತೋಳು ಹಿಡಿದಾಗ ಆ ಪ್ರಾಣಿ ಹತ್ತು ಮಾರು ದೂರದಲ್ಲಿ ಬುಸುಗುಟ್ಟುತ್ತಿತ್ತು. ಅತ್ತೆ ಕೋಲನ್ನು ಮೆಲ್ಲಗೆ ಕೆಳಗೆ ಹಾಕಿ, ನನ್ನನ್ನು ಬೆನ್ನ ಹಿಂದಕ್ಕೆ ನೂಕಿ ಅಡ್ಡ ನಿಂತರು. ಆಗತಾನೇ ಈದ ಹಸುವಿನ ಹತ್ತಿರ ಹೋಗುವ ಮುಂಚೆ ನಮ್ಮ ಕಡೆ ಹೆಂಗಸರು ಅದನ್ನು ಮಾತಾಡಿಸುತ್ತಾರೆ. ಅದೇ ದನಿಯಲ್ಲಿ ಮಾತಾಡಿಸಿದರು.

"ಗಾಬ್ರಿ ಬೀಳ್ಬ್ಯಾಡ ಕಣವ್ವ. ಬಾಣ್ತಿ ನೀನು. ನಿನ್ ಮಗೀಗೆ ನಾವೇನೂ ಮಾಡಾಕಿಲ್ಲ."

ಅದು ಕಿವಿ ಆಡಿಸಿತು, ಜಾಗ ಬಿಡಲಿಲ್ಲ.

"ನೀನು ಇಂದಿಂದಕ್ಕೇ ಓಗು," ಎಂದು ಅತ್ತೆ ನನಗೆ ಪಿಸುಗುಟ್ಟಿದರು. "ಓಡ್ಬ್ಯಾಡ. ನಾನಿಲ್ಲೇ ನಿಂತಿರ್ತೀನಿ."

"ನಿಮ್ಮನ್ ಬಿಟ್ಟು ಹೋಗಲ್ಲ ಅತ್ತೆ."

"ಯೋಳಿದ್ ಕೇಳು! ಮೂರು ದಿನ ಎದೆ ಮ್ಯಾಲೆ ಮಲಗಿಸ್ಕಂಡಿದ್ದ ಕೂಸ ಮಣ್ಣಿಗೆ ಕೊಟ್ಟಿವ್ನಿ. ನಿನ್ನೂ ಕಳ್ಕಳಾಕೆ ನನ್ ಕೈಲಾಗಾಕಿಲ್ಲ ಕಣವ್ವ."

ನಾನು ಹೋಗಲಿಲ್ಲ. ಹಿಂದಿನಿಂದ ಅವರನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಎಷ್ಟು ಹೊತ್ತಾಯಿತೋ, ಘೇಂಡಾಮೃಗ ಮರಿಯನ್ನು ಮುಂದೆ ಬಿಟ್ಟುಕೊಂಡು ಹುಲ್ಲಿನೊಳಕ್ಕೆ ಹೋಯಿತು.

ಅತ್ತೆ ಸಾಸಿವೆ ಹೊಲದಲ್ಲೇ ಕುಸಿದು ಕೂತು, ಬಾಯಿಗೆ ಸೆರಗು ಹಿಡಿದು ಅತ್ತರು. ಅತ್ತು ಅತ್ತು, "ನಿನ್ನಂಗೇ ಗುಂಗುರು ಕೂದ್ಲು ಕಣವ್ವ, ಆ ಮಗೀಗೆ," ಎಂದರು.

ನಾನು ಅವರ ಪಕ್ಕದಲ್ಲೇ ಕೂತೆ. "ಹೇಳಿ ಅತ್ತೆ," ಎಂದೆ. "ಇನ್ನೂ ಹೇಳಿ."