ಅಡ್ಡಗೆರೆ ಬಿದ್ದ ಮೂವತ್ತೆಂಟು

ಕಣ್ಣಿಗೆ ಒಂದೇ ಎಂದು ಕಾಣುವ ನಕ್ಷತ್ರ ಎಷ್ಟೋ ಸಲ ಪರಸ್ಪರ ಸುತ್ತುವ ಜೋಡಿಯಾಗಿರುತ್ತದೆ. ಅದರ ಬೆಳಕನ್ನು ಬಣ್ಣಗಳಾಗಿ ಬಿಡಿಸಿ, ಅಲ್ಲಿನ ಕಪ್ಪು ಗೆರೆಗಳು ಕೂದಲೆಳೆಯಷ್ಟು ಸರಿದದ್ದನ್ನು ಅಳೆದು, ನಕ್ಷತ್ರ ನಮ್ಮತ್ತ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಎಷ್ಟು ವೇಗದಲ್ಲಿ ಎಂದು ಹೇಳಬಲ್ಲವರಲ್ಲಿ ಅಗ್ರಗಣ್ಯರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ. ವೀಕ್ಷಣಾಲಯದಲ್ಲಿ ಅವರ ಬೆನ್ನ ಹಿಂದಿನ ಹೆಸರು 'ಇನ್ನೊಂದ್ಸಲ ಮೇಡಂ'. ಯಾರು ಏನೇ ಅಳೆದು ತಂದರೂ, ಆ ಗೆರೆಗಳ ಚಿತ್ರ ಮೂಡಿದ ಗಾಜಿನ ಪ್ಲೇಟನ್ನು ತಿರುಗಿಸಿಟ್ಟು ಇನ್ನೊಂದು ಸಲ ಅಳೆಸುವವರು ಅವರು. ಈ ಹೆಸರು ಅವರಿಗೂ ಗೊತ್ತು.

ಮದುವೆಯಾದ ಹೊಸತರಲ್ಲಿ ಅವರ ಅತ್ತೆ, "ಅಲ್ಲಮ್ಮಾ, ಅದು ಬರ್ತಿದೆಯೋ ಹೋಗ್ತಿದೆಯೋ ಅಂತ ನೋಡೋಕೆ ಒಂದು ಆಫೀಸಾ?" ಎಂದಿದ್ದರಂತೆ. "ಹೌದತ್ತೆ. ಹೋಗಿದ್ದು ವಾಪಸ್ ಬರುತ್ತಾ ಅಂತಾನೂ ನೋಡ್ಬೇಕು," ಎಂದರಂತೆ ಇವರು.

ಸೇವೆಯ ಮೂರನೆಯ ವರ್ಷ, ಒಂಟಿಯೆಂದೇ ಎಲ್ಲರೂ ನಂಬಿದ್ದ ಒಂದು ಮಂಕು ನಕ್ಷತ್ರದ ಪ್ಲೇಟು ಅವರ ಮೇಜಿಗೆ ಬಂತು. ವೇಗ ಎಂದಿಗಿಂತ ಸೆಕೆಂಡಿಗೆ ಮೂವತ್ತೆಂಟು ಕಿಲೋಮೀಟರು ಹೆಚ್ಚು. ಪ್ಲೇಟು ತೆಗೆದು ಆಗಲೇ ನಾಲ್ಕು ತಿಂಗಳಾಗಿತ್ತು. ಟೆಲಿಸ್ಕೋಪು ತಿರುಗಿಸಿ ನಕ್ಷತ್ರವನ್ನು ಮತ್ತೆ ನೋಡಿದಾಗ ವೇಗ ಎಂದಿನಷ್ಟೇ. ಅಂದಿನ ನಿರ್ದೇಶಕರು, "ಉಪಕರಣ ಅಲುಗಾಡಿದೆ. ಹೊಡೆದುಹಾಕಿ," ಎಂದರು. ಮೇಡಂ ಮೂರು ಸಲ ಅಳೆದಿದ್ದರು, ಹೊಡೆದುಹಾಕಲು ಒಪ್ಪಲಿಲ್ಲ. ನಿರ್ದೇಶಕರೇ ಕೆಂಪು ಪೆನ್ಸಿಲು ತೆಗೆದು ದಾಖಲೆ ಪುಸ್ತಕದ ಆ ಅಂಕಿಯ ಮೇಲೆ ಅಡ್ಡಗೆರೆ ಎಳೆದರು. 'ಅಳತೆ ಬಾರದವರು' ಎಂಬ ಮಾತು ಅಲ್ಲಿಂದ ಹುಟ್ಟಿತು. ಒಂಬತ್ತು ವರ್ಷ ಅವರಿಗೆ ಬಡ್ತಿ ಸಿಗಲಿಲ್ಲ.

ಆ ವರ್ಷಗಳಲ್ಲೇ ಉಗ್ರಾಣದ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ, ತಮ್ಮದಕ್ಕಿಂತ ಇಪ್ಪತ್ತೆಂಟು ವರ್ಷ ಹಿಂದಿನ ಪ್ಲೇಟೊಂದನ್ನು ಅವರು ಹುಡುಕಿ ತೆಗೆದರು. ಅದೇ ನಕ್ಷತ್ರ, ಹೆಚ್ಚುಕಮ್ಮಿ ಅದೇ ಅಂಕಿ, ಅದಕ್ಕೂ ಯಾರದೋ ಅಡ್ಡಗೆರೆ. ಅಂದರೆ ಕಾಣದ ಸಂಗಾತಿಯೊಂದು ಬಹಳ ಉದ್ದನೆಯ ಕಕ್ಷೆಯಲ್ಲಿ ಸುತ್ತುತ್ತ, ಕೆಲವೇ ದಿನ ತೀರ ಹತ್ತಿರ ಬಂದು ಈ ನಕ್ಷತ್ರವನ್ನು ಎಳೆದು ಹೋಗುತ್ತದೆ. ಸುತ್ತು ಇಪ್ಪತ್ತೆಂಟು ವರ್ಷದ್ದಿರಬೇಕು, ಇಲ್ಲವೇ ಅದರರ್ಧ. ಉಳಿದ ಸಾಧ್ಯತೆಗಳನ್ನು ಹಳೆಯ ಪ್ಲೇಟುಗಳೇ ತಳ್ಳಿಹಾಕಿದ್ದವು. ತಮ್ಮ ಪ್ಲೇಟು ತೆಗೆದ ಹದಿನಾಲ್ಕನೆಯ ವರ್ಷ ಕಾದರು. ಗೆರೆ ಸರಿಯಲಿಲ್ಲ.

"ಏನ್ ಮೇಡಂ, ನಿಮ್ಮ ಚುಕ್ಕೆ ಬಸ್ ತಪ್ಪಿಸ್ಕೊಂಡಿತಾ?" ಎಂದು ಸಹೋದ್ಯೋಗಿಯೊಬ್ಬರು ಕೆಣಕಿದರು.

"ಇನ್ನೊಂದು ಬಸ್ಸಿದೆ. ಹದಿನಾಲ್ಕು ವರ್ಷಕ್ಕೆ."

ನಾನು ಅವರ ವಿದ್ಯಾರ್ಥಿಯಾದದ್ದು ಆ ಕಾಯುವಿಕೆಯ ಕೊನೆಗಾಲದಲ್ಲಿ. ನನ್ನ ಮೊದಲ ಕಕ್ಷೆಯ ನಕ್ಷೆ ಬಲು ಚೆಂದವಿತ್ತು, ಏಕೆಂದರೆ ಹೊಂದದ ಮೂರು ಬಿಂದುಗಳನ್ನು ನಾನು ಬಿಟ್ಟುಬಿಟ್ಟಿದ್ದೆ. "ತಪ್ಪಿದ್ರೆ ತಪ್ಪು ಅಂತ ತೋರ್ಸು. ಇಷ್ಟ ಆಗ್ಲಿಲ್ಲ ಅಂತ ಬಿಡ್ಬೇಡ," ಎಂದರು. ಮೂರು ದಿನ ಪಕ್ಕದಲ್ಲೇ ಕೂತು ಅಳೆಸಿದರು. ಒಂದು ಬಿಂದು ನಿಜಕ್ಕೂ ತಪ್ಪಿತ್ತು. ಎರಡು ಸರಿಯಿದ್ದವು, ನನ್ನ ಕಕ್ಷೆಯೇ ತಪ್ಪಿತ್ತು. ಪ್ರಬಂಧದಲ್ಲಿ ತಮ್ಮ ಹೆಸರು ಹಾಕಲು ಬಿಡಲಿಲ್ಲ.

ಈ ವರ್ಷದ ಆರಂಭದಲ್ಲಿ ಆ ಎರಡನೆಯ ಬಸ್ಸಿನ ಕಾಲ ಬಂತು. ನಕ್ಷತ್ರ ಸೂರ್ಯಾಸ್ತದ ನಂತರ ಮುಕ್ಕಾಲು ಗಂಟೆ ಮಾತ್ರ, ಪಶ್ಚಿಮದ ಅಂಚಿನಲ್ಲಿ ಕಾಣುತ್ತಿತ್ತು. "ಇನ್ನೂ ಬಗ್ಗಿಸಿದ್ರೆ ಟೆಲಿಸ್ಕೋಪು ಮಂಡಿ ಊರುತ್ತೆ ಮೇಡಂ," ಎಂದ ಮೆಕ್ಯಾನಿಕ್, ಆದರೂ ಬಗ್ಗಿಸಿದ. ಈಗ ಪ್ಲೇಟಿಲ್ಲ, ಅಂಕಿ ಪರದೆಯ ಮೇಲೇ ಬೀಳುತ್ತದೆ. ಹತ್ತು ಸಂಜೆ ಏನೂ ಇಲ್ಲ. ಹನ್ನೊಂದನೆಯ ಸಂಜೆ ವೇಗ ಎಂದಿಗಿಂತ ನಾಲ್ಕು ಕಿಲೋಮೀಟರು ಹೆಚ್ಚು. ಆಮೇಲೆ ಒಂಬತ್ತು, ಇಪ್ಪತ್ತೊಂದು. ಮೂವತ್ತೆಂಟು ಬಿದ್ದ ಸಂಜೆ ನಾವೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದೆವು. ಮೇಡಂ ಕೂತೇ ಇದ್ದರು. "ಇನ್ನೊಂದ್ಸಲ," ಎಂದರು. ಮತ್ತೆ ಮೂವತ್ತೆಂಟೇ.

ಫಲಿತಾಂಶ ಮಂಡಿಸಿದ ದಿನ ಆ ಹಳೆಯ ನಿರ್ದೇಶಕರು ಊರುಗೋಲು ಹಿಡಿದು ಬಂದರು. ಅವರಿಗೀಗ ಎಂಬತ್ತೆಂಟು. ದಾಖಲೆ ಪುಸ್ತಕ ತರಿಸಿ, ತಾವೆಳೆದ ಕೆಂಪು ಗೆರೆಯನ್ನು ಬಹಳ ಹೊತ್ತು ನೋಡಿ, "ರಬ್ಬರ್ ಇದೆಯೇನಮ್ಮಾ?" ಎಂದು ಕೇಳಿದರು.

"ಬೇಡ ಸರ್, ಅದೂ ಇರ್ಲಿ. ಇಲ್ಲಿ ಯಾವುದನ್ನೂ ಅಳಿಸಲ್ಲ," ಎಂದು ಮೇಡಂ ಅದರ ಪಕ್ಕದಲ್ಲಿ ಹೊಸ ಅಳತೆ ಬರೆದು, ಸಹಿಗಾಗಿ ಪೆನ್ನನ್ನು ಅವರ ಕೈಗೇ ಕೊಟ್ಟರು. ಅವರು ಸಹಿ ಹಾಕಿದರು.

ಆ ಸಂಗಾತಿ ಮತ್ತೆ ಹತ್ತಿರ ಬರುವುದು ಇಪ್ಪತ್ತೆಂಟು ವರ್ಷಕ್ಕೆ. ಆಗ ಮೇಡಂಗೂ ಎಂಬತ್ತೆಂಟು. ಅವರು ಬಂದು ಅದೇ ಕುರ್ಚಿಯಲ್ಲಿ ಕೂರಲಿ. ಅಂಕಿ ಓದಿ ಹೇಳಲು ನಾನಿರುತ್ತೇನೆ. ಇನ್ನೊಂದು ಸಲ ಅಳೆ ಎನ್ನಲು ಅವರಿರಬೇಕು.