ಯಾರೋ ನಮ್ಮ ಕಡೆಯವರು

ನಮ್ಮ ಆಫೀಸಿನ ಬಾಗಿಲ ಮೇಲೆ ವಿದ್ಯಾರ್ಥಿವೇತನ ವಿಭಾಗ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಒಳಗೆ ಬಂದು ಕೂರಲು ನೋಡಿದರೆ ಸ್ಪಂಜು ಕಿತ್ತುಬಂದ ಕುರ್ಚಿಗಳು. ನನ್ನ ಕುರ್ಚಿಯಂತೂ ಒಂದು ಪಕ್ಕ ಇಳಿದುಹೋಗಿ, ಇಡೀ ದಿನ ಯಾರದೋ ಕಿವಿಯಲ್ಲಿ ಗುಟ್ಟು ಹೇಳುವವಳ ಹಾಗೆ ವಾಲಿಕೊಂಡೇ ಕೆಲಸ ಮಾಡಬೇಕಿತ್ತು. ಕೇಳಿ ಕೇಳಿ ನಾನು ಮೇಲಿನವರ ತಲೆ ತಿಂದ ಮೇಲೆ, ಕೊನೆಗೊಮ್ಮೆ ಕುಶನ್ ಕೆಲಸದವರೊಬ್ಬರನ್ನು ಕಳಿಸಿದರು.

ಐವತ್ತು ದಾಟಿದ ಮನುಷ್ಯ. ಸಣಕಲು ಮೈ, ಅದಕ್ಕೆ ಹೊಂದದ ದೊಡ್ಡ ಕೈಗಳು, ಮೈಯೆಲ್ಲಾ ಗೋಂದಿನ ವಾಸನೆ. ಬಾಗಿಲ ಪಕ್ಕದಲ್ಲಿ ಗೋಣಿಚೀಲ ಹಾಸಿ, ಕುರ್ಚಿಯನ್ನು ಬೋರಲು ಹಾಕಿ ಕೂತರೆ ಬಾಯಿ ತುಂಬ ಸಣ್ಣ ಮೊಳೆಗಳು. ಒಂದೊಂದನ್ನೇ ನಾಲಿಗೆಯಿಂದ ತುಟಿಗೆ ತಂದು, ಬೆರಳಿಗೆ ಕೊಟ್ಟು, ರೆಕ್ಸಿನ್ನಿನ ಅಂಚಿಗೆ ಹೊಡೆಯುತ್ತಿದ್ದರು. ಬಾಯಲ್ಲಿ ಮೊಳೆ ಇಟ್ಟುಕೊಂಡವರು ಸುಮ್ಮನಿರಬೇಕು ತಾನೇ? ಈ ಪುಣ್ಯಾತ್ಮ ಇರುತ್ತಿರಲಿಲ್ಲ. ಮೊಳೆಯ ಸಂದಿಯಿಂದಲೇ ಮಾತು ಹರಿಯುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲಿ. "ಯಜಮಾನ್ರೆ, ಸ್ವಲ್ಪ ಬಾಯಿಗೆ ಬಿಡುವು ಕೊಡ್ತೀರಾ? ಇಲ್ಲಿ ಕೂಡೋ ಕಳೆಯೋ ಲೆಕ್ಕ ಇದೆ" ಎಂದೆ.

"ಇದು ನಮ್ಮ ಕಸುಬಿನ ಪದ್ಧತಿ ಅಕ್ಕಾ" ಎಂದರು, ಒಂಚೂರೂ ಬೇಜಾರಿಲ್ಲದೆ. "ಕುರ್ಚಿ ಹೊಟ್ಟೆ ಬಿಚ್ಚಿದ್ರೆ ಒಳಗಿಂದ ಏನೇನೋ ಬರುತ್ತೆ. ಬಿಸ್ಕತ್ ಚೂರು, ಕೂದಲು, ಉಗುರು. ಕೂತವರಿಗೆ ನಾಚಿಕೆ ಆಗುತ್ತೆ. ಅದಕ್ಕೇ ನಾವು ಮಾತಾಡ್ತಾ ಇರ್ಬೇಕು, ಅವರ ಗಮನ ಆ ಕಡೆ ಹೋಗದ ಹಾಗೆ. ನಂಗೆ ಕೆಲಸ ಕಲಿಸಿದವರು ಮೊದಲು ಹೇಳಿಕೊಟ್ಟಿದ್ದೇ ಇದನ್ನ."

ಅಷ್ಟರಲ್ಲಿ ನನ್ನ ಕುರ್ಚಿಯ ಹೊಟ್ಟೆಯಿಂದ ಕಡಲೆಬೀಜದ ಸಿಪ್ಪೆ ಉದುರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಹೀಗೆ ಅವರ ಬದುಕೆಲ್ಲ ನನ್ನ ಕಿವಿಗೆ ಬಿತ್ತು. ಹುಡುಗನಾಗಿದ್ದಾಗ ಬಸ್ಸಿನ ಸೀಟು ಹೊಲಿಯುವ ಶೆಡ್ಡಿನಲ್ಲಿ ಕೆಲಸ. ಆಮೇಲೆ ಪಕ್ಕದ ರಾಜ್ಯದ ಒಂದು ಪೇಟೆಯಲ್ಲಿ ಸ್ವಂತ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹೆಂಡತಿ ತೀರಿಕೊಂಡಾಗ ಮಗಳಿನ್ನೂ ಮೊಣಕಾಲೆತ್ತರ. ಅವಳು ಓದಿದ್ದು, ಬರೆದದ್ದು, ಜ್ವರ ಬಂದಾಗ ಮಲಗಿದ್ದು ಎಲ್ಲ ಅಂಗಡಿಯ ಸ್ಪಂಜಿನ ರಾಶಿಯ ಮೇಲೆಯೇ. ಬಂದ ಗಿರಾಕಿಗಳು ಆ ರಾಶಿಯ ಮೇಲೆ ಕೈ ಇಟ್ಟರೆ ಸಾಕು, "ಅದು ಮಾರೋದಲ್ಲ, ನಮ್ಮ ಹುಡುಗಿ ಶಾಲೆ" ಅನ್ನುತ್ತಿದ್ದರಂತೆ. ಈಗ ಅವಳು ದೊಡ್ಡ ಕಾಲೇಜು ಸೇರಿದ್ದಾಳೆ, ಅವಳನ್ನು ಬಿಟ್ಟಿರಲಾರದೆ ಅಂಗಡಿಗೆ ಬೀಗ ಜಡಿದು ಇವರೂ ಹಿಂದೆಯೇ ಬಂದಿದ್ದಾರೆ. ಸೈಕಲ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ಹಿಡಿದಿದ್ದಾರೆ.

"ಯಾವ ಕಾಲೇಜು?" ಎಂದು ಕೇಳಿದರೆ ಮಾತ್ರ ಇಷ್ಟು ಮಾತಿನ ಮನುಷ್ಯ ತೊದಲುತ್ತಿದ್ದರು. "ಇಲ್ಲೇ... ಈ ಕಡೇನೇ ಎಲ್ಲೋ" ಎಂದು ಸುತ್ತಿಗೆಯ ಸದ್ದು ಜೋರು ಮಾಡುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ನಮ್ಮ ಕಿಟಕಿಗೆ ಒಬ್ಬ ಹುಡುಗಿ ಬಂದಳು. ಆಫೀಸಿಗೆಲ್ಲ ಅಚ್ಚುಮೆಚ್ಚಿನವಳು. ಹೊರರಾಜ್ಯದ ವಿದ್ಯಾರ್ಥಿಗಳಿಗೆ ನಾವು ಕೊಡುವ ಪ್ರತಿಭಾ ವಿದ್ಯಾರ್ಥಿವೇತನದಲ್ಲಿ ಆ ವರ್ಷ ಎಲ್ಲರಿಗಿಂತ ಮೇಲೆ ಬಂದವಳು. ಫೀಸು, ಹಾಸ್ಟೆಲು, ಊಟ, ಪುಸ್ತಕ, ಎಲ್ಲ ಅದರಲ್ಲೇ. ಅದಿಲ್ಲದಿದ್ದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು. ಏನೋ ಕೇಳಿದಳು, ನಕ್ಕಳು, ಹೊರಟಳು. ಹೋಗುವಾಗ ಬಾಗಿಲ ಬಳಿಯ ಗೋಣಿಚೀಲಕ್ಕೆ ಸುತ್ತು ಹಾಕಿಕೊಂಡು, ಆ ಕಡೆ ಕಣ್ಣೂ ಹಾಯಿಸದೆ ಹೋದಳು. ಯಜಮಾನರು ತಲೆಯನ್ನು ಕುರ್ಚಿಯ ಕಾಲುಗಳ ನಡುವೆ ತೂರಿಸಿಕೊಂಡು ಏನೋ ಹುಡುಕುತ್ತಿದ್ದರು. ಅವಳು ಹೋದ ಮೇಲೂ ಅವರ ಮಾತಿಲ್ಲ. ಅಬ್ಬಾ, ಕಿವಿಗೆ ಸ್ವಲ್ಪ ವಿಶ್ರಾಂತಿ ಸಿಕ್ಕಿತು ಎಂದುಕೊಂಡೆ ನಾನು.

ನಮ್ಮ ವಿಭಾಗದ ಅಧಿಕಾರಿ, ಎಲ್ಲರಿಗೂ ಅವರು ಬರೀ ಮೇಡಂ, ತಮ್ಮ ಮೇಜಿನಿಂದಲೇ ಹೇಳಿದರು: "ಎಂಥಾ ಹುಡುಗಿ ನೋಡು. ಹೆತ್ತವರು ಎಲ್ಲೋ ದೂರ. ಹಬ್ಬ ಹುಣ್ಣಿಮೆ ಅಂತ ನೋಡೋಕೂ ಯಾರೂ ಬರಲ್ಲ, ಪಾಪ. ಒಬ್ಬಳೇ ಎಲ್ಲ ನಿಭಾಯಿಸ್ತಾಳೆ."

ಯಜಮಾನರು ಬಾಯಿಂದ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿದರು. ಅವರು ಮೊಳೆ ಉಗುಳಿ ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ದೂರ ಏನಿಲ್ಲ ಮೇಡಂ. ಅವಳಪ್ಪ ಇಲ್ಲೇ ಇದಾನೆ. ನಿಮ್ಮ ಕುರ್ಚಿ ಹೊಲೀತಾ ಇದಾನೆ. ದಿನಾ ಸಂಜೆ ಹಾಸ್ಟೆಲ್ ಗೇಟಿಗೆ ಡಬ್ಬಿ ತಗೊಂಡು ಹೋಗ್ತೀನಿ. ಬಂದು ವರ್ಷ ಆಗ್ತಾ ಬಂತು. ಯಾರಿಗೂ ಹೇಳ್ಬೇಡ ಅಂತ ಮಾತು ತಗೊಂಡಿದ್ಲು, ಇವತ್ತು ತಪ್ಪಿದೆ. ಯಾರೂ ಇಲ್ಲ ಅಂತ ಮಾತ್ರ ಅನ್ಬೇಡಿ."

ಮೇಡಂ ಪೆನ್ನು ಕೆಳಗಿಟ್ಟರು. ಆ ವೇತನಕ್ಕೆ ಒಂದು ಷರತ್ತಿದೆ: ಓದು ಮುಗಿಯುವ ತನಕ ಹೆತ್ತವರ ವಾಸ ರಾಜ್ಯದ ಹೊರಗೇ ಇರಬೇಕು. ಇಲ್ಲಿಗೆ ಬಂದು ನೆಲೆಸಿದರೆ ನಮಗೆ ತಿಳಿಸಬೇಕು. ತಿಳಿಯದೆ ತಪ್ಪಿದ್ದರೆ ತಿದ್ದಿಕೊಳ್ಳಲು ಅವಕಾಶ ಉಂಟು. ತಿಳಿದೂ ಮುಚ್ಚಿಟ್ಟಿದ್ದರೆ ವೇತನವೂ ಹೋಯಿತು, ಸೀಟೂ ಹೋಯಿತು.

ಮೇಡಂ ಇದನ್ನು ಬಿಡಿಸಿ ಹೇಳಿದರು. ಅರ್ಥವಾಗುತ್ತಿದ್ದ ಹಾಗೆ ಯಜಮಾನರ ಮುಖ ಅರಳಿತು. ಹೌದು, ಅರಳಿತು, ನಾನು ಕಣ್ಣಾರೆ ಕಂಡೆ.

"ಓ, ಅದಕ್ಕೇನಾ ಹೇಳ್ಬೇಡ ಅಂದಿದ್ದು? ನೋಡಿ ಅಕ್ಕಾ, ಎಂಥಾ ಜಾಣೆ. ನಾನು ಮುಠ್ಠಾಳ, ಬೇರೆ ಏನೋ ಅಂದ್ಕೊಂಡು ಇಷ್ಟು ದಿನ ಒಳಗೇ ಕೊರಗಿದೆ."

"ಅಂದ್ರೆ ಅವಳಿಗೆ ನಿಯಮ ಗೊತ್ತಿತ್ತು ಅಂತಾಯ್ತು" ಎಂದರು ಮೇಡಂ ಮೆಲ್ಲಗೆ. "ಗೊತ್ತಿದ್ದೇ ಮುಚ್ಚಿಟ್ಟಳು."

ಯಜಮಾನರ ನಗು ಅರ್ಧಕ್ಕೇ ನಿಂತಿತು. ತಾನು ಏನು ಮಾಡಿಬಿಟ್ಟೆ ಎಂಬುದು ಆಗ ಹೊಳೆಯಿತು. ಸಿಪಾಯಿ ಹೋಗಿ ಹುಡುಗಿಯನ್ನು ಕರೆತರುವವರೆಗೂ ಅವರು ಅಂಗೈಯ ಮೊಳೆಗಳನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೇ ಇದ್ದರು. ಕೂತ್ಕೊಳ್ಳಿ ಎಂದೆ. ಕೂರಲಿಲ್ಲ.

ಹುಡುಗಿ ಬಂದಳು. ಅಪ್ಪ ಮೇಡಂ ಎದುರು ನಿಂತಿದ್ದನ್ನು ಕಂಡು ಅವಳ ಮುಖ ಸುಣ್ಣವಾಯಿತು. ಮೇಡಂ ಸುತ್ತಿ ಬಳಸಿ ಕೇಳುವವರಲ್ಲ.

"ಇವರು ನಿಮ್ಮಪ್ಪ ಹೌದಾ?"

"ಹೌದು ಮೇಡಂ."

"ಹೆತ್ತವರು ಈ ರಾಜ್ಯದಲ್ಲಿ ಇರಬಾರದು ಅನ್ನೋ ನಿಯಮ ಗೊತ್ತಿತ್ತಾ?"

ಅವಳು ನಿಜಕ್ಕೂ ಗಾಬರಿಯಾದಳು. "ಇಲ್ಲ ಮೇಡಂ. ನಾನು ಹಾಸ್ಟೆಲಲ್ಲೇ ಇದೀನಲ್ಲ, ಅಪ್ಪ ಎಲ್ಲಿದ್ರೆ ಏನು ಅಂದ್ಕೊಂಡಿದ್ದೆ. ಆಣೆಗೂ ಗೊತ್ತಿರ್ಲಿಲ್ಲ."

"ಗೊತ್ತಿರದೆ ಇದ್ರೆ, ಯಾರಿಗೂ ಹೇಳ್ಬೇಡ ಅಂತ ಇವರ ಹತ್ರ ಯಾಕೆ ಮಾತು ತಗೊಂಡೆ?"

ಹುಡುಗಿ ಅಪ್ಪನ ಕಡೆ ನೋಡಲಿಲ್ಲ, ಮೇಡಂ ಕಡೆಯೂ ನೋಡಲಿಲ್ಲ. ಬಾಗಿಲ ಬಳಿ ಬೋರಲು ಬಿದ್ದಿದ್ದ ಕುರ್ಚಿಯನ್ನು ನೋಡುತ್ತ ನಿಂತಳು. ಅವಳು ಸುಮ್ಮನಿದ್ದಷ್ಟೂ ಅದು ತಪ್ಪೊಪ್ಪಿಗೆಯ ಹಾಗೆ ಕಾಣುತ್ತಿತ್ತು. ನಿಜ ಹೇಳಿದರೆ ಓದು ಉಳಿಯುತ್ತದೆ, ಆದರೆ ಆ ನಿಜವನ್ನು ಯಾರ ಎದುರಿಗೆ ಹೇಳಬೇಕು ನೋಡಿ. ನನಗೇ ಎದ್ದು ಹೊರಗೆ ಹೋಗಿಬಿಡೋಣ ಅನಿಸಿತು.

"ನಾಚಿಕೆ ಆಗ್ತಿತ್ತು ಮೇಡಂ" ಎಂದಳು ಕೊನೆಗೆ. "ಹಾಸ್ಟೆಲಲ್ಲಿ ಎಲ್ಲರ ಅಪ್ಪಂದಿರೂ... ನಾನು ನಮ್ಮಪ್ಪಂದು ಇಂಟೀರಿಯರ್ ಬಿಸಿನೆಸ್ ಅಂತ ಹೇಳಿದ್ದೆ. ಬೇರೆ ಏನೂ ಕಾರಣ ಇರ್ಲಿಲ್ಲ."

ಮೇಡಂ ಒಡನೆ ನಂಬಲಿಲ್ಲ. ಸಿಕ್ಕಿಬಿದ್ದವರು ಎಂತೆಂಥ ಕತೆ ಕಟ್ಟುತ್ತಾರೆ ಎಂಬುದನ್ನು ಈ ಆಫೀಸಿನಲ್ಲಿ ಕೂತು ನಾವಿಬ್ಬರೂ ಸಾಕಷ್ಟು ಕೇಳಿದ್ದೇವೆ. "ಇದಕ್ಕೆ ಯಾರಮ್ಮ ಸಾಕ್ಷಿ?" ಎಂದರು.

"ನಾನು" ಎಂದರು ಯಜಮಾನರು.

ನಾವು ಮೂವರೂ ಅವರ ಕಡೆ ತಿರುಗಿದೆವು.

"ಅವಳು ಹೇಳಿದ್ದು ನಿಜ ಮೇಡಂ. ನಾನು ಬಂದ ಹೊಸದರಲ್ಲಿ ಹಾಸ್ಟೆಲ್ ಗೇಟಿನ ಹತ್ರ ಅವಳ ಗೆಳತಿಯರು ಕೇಳಿದ್ರು, ಡಬ್ಬಿ ತರ್ತಾರಲ್ಲ, ಯಾರು ಅವರು ಅಂತ. ಯಾರೋ ನಮ್ಮ ಕಡೆಯವರು ಅಂದ್ಲು. ನಾನು ಮರದ ಈಚೆಗೇ ನಿಂತಿದ್ದೆ, ಕೇಳಿಸ್ತು. ಆಮೇಲಿಂದ ನಾನೇ ಕತ್ತಲಾದ ಮೇಲೆ ಹೋಗೋಕೆ ಶುರು ಮಾಡಿದೆ. ಅಂಗಿ ಬದಲಾಯಿಸ್ಕೊಂಡು, ಸೋಪು ಹಾಕಿ ಕೈ ತಿಕ್ಕೊಂಡು ಹೋಗ್ತೀನಿ, ಆದ್ರೂ ಈ ಗೋಂದಿನ ವಾಸನೆ ಹೋಗಲ್ಲ. ಡಬ್ಬಿ ಇಸ್ಕೊಳ್ಳೋವಾಗ ಅವಳು ಉಸಿರು ಬಿಗಿ ಹಿಡೀತಾಳೆ. ನಾಚಿಕೆ ಬಿಟ್ರೆ ಬೇರೆ ಏನೂ ಇಲ್ಲ ಮೇಡಂ. ಬರ್ಕೊಳ್ಳಿ. ನಾನು ರುಜು ಹಾಕ್ತೀನಿ."

ಇದೆಲ್ಲ ಅಪ್ಪನಿಗೆ ಗೊತ್ತಿತ್ತು ಎಂಬುದು ಹುಡುಗಿಗೆ ಗೊತ್ತಿರಲಿಲ್ಲ. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ನಾನು ಬರೆದುಕೊಂಡೆ. ಅಪ್ಪನ ಕಸುಬಿನ ಬಗ್ಗೆ ಸಂಕೋಚವಿದ್ದ ಕಾರಣ ಎಂದು ಒಂದು ಸಾಲು. ಯಜಮಾನರು ಓದದೆಯೇ ರುಜು ಹಾಕಿದರು. ವಾರದೊಳಗೆ ಅವರು ತಮ್ಮ ಊರಿಗೆ ಹಿಂತಿರುಗಿದರೆ ವೇತನ ಮುಂದುವರಿಯುತ್ತದೆ ಎಂದು ಮೇಡಂ ತೀರ್ಮಾನಿಸಿದರು. "ನಾಳೇನೇ ಹೊರಡ್ತೀನಿ" ಎಂದರು ಅವರು.

ನಾನು ಅವರನ್ನು ಬಾಗಿಲವರೆಗೆ ಕಳಿಸಲು ಹೋದೆ. ಹುಡುಗಿ ಹಿಂದೆಯೇ ಬಂದಳು. ಹೊರಗಿನ ಓಣಿಯಲ್ಲಿ ಅವರು ನಿಂತು, ಅವಳ ತಲೆ ಮುಟ್ಟಲು ಕೈ ಎತ್ತಿದರು. ಏನನ್ನಿಸಿತೋ, ಕೈಯನ್ನು ಅಂಗಿಗೆ ಒರೆಸಿಕೊಂಡು ಸುಮ್ಮನಾದರು.

"ಅಳಬೇಡ ಪುಟ್ಟಾ" ಎಂದರು. "ಮೇಡಂ ಮುಂದೆ ಹಾಗೆ ಹೇಳ್ದೇ ಬೇರೆ ದಾರಿ ಇರ್ಲಿಲ್ಲ. ಸೀಟು ಉಳೀಲಿ ಅಂತ ನೀನು ಹೇಳ್ದೆ, ನಾನು ತಾಳ ಹಾಕ್ದೆ. ಅಷ್ಟೇ ತಾನೇ?"

"ಇಲ್ಲಪ್ಪಾ" ಎಂದಳು ಅವಳು ಬಿಕ್ಕುತ್ತ. "ನಾನು ಹೇಳಿದ್ದು ನಿಜಾನೇ."

"ಅದು ನಂಗೂ ಗೊತ್ತು ಕಣಮ್ಮಾ" ಎಂದರು. "ಈಗ ನಾನು ಕೇಳಿದ್ದಕ್ಕೆ ಸುಮ್ನೆ ಹೂಂ ಅಂದಿದ್ರೆ ಆಗ್ತಿತ್ತಲ್ಲ."